ದೀರ್ಘಕಾಲದ ಜಂತುಹುಳು ಸೋಂಕು ಮತ್ತು ದೇಹದ ರೋಗನಿರೋಧಕ ಶಕ್ತಿ: ಸಾರ್ವಜನಿಕರಿಗೆ ಮಾಹಿತಿ

ಧಾರವಾಡ ಜಿಲ್ಲೆ, ಹುಬ್ಬಳ್ಳಿ ತಾಲ್ಲೂಕಿನ ಸುಳ್ಳ ಗ್ರಾಮವೂ ಸೇರಿದಂತೆ ರಾಜ್ಯದಾದ್ಯಂತ 1 ರಿಂದ 19 ವರ್ಷ ವಯಸ್ಸಿನವರಿಗೆ ಶಾಲೆ ಹಾಗೂ ಅಂಗನವಾಡಿ ಕೇಂದ್ರಗಳಲ್ಲಿ ಜಂತುಹುಳು ನಿವಾರಣಾ ಮಾತ್ರೆಯನ್ನು ಉಚಿತವಾಗಿ ನೀಡಲಾಗುತ್ತದೆ. ದೇಶದಲ್ಲಿ 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಅಂಗವಾಗಿ ಈ ಕಾರ್ಯಕ್ರಮ ನಡೆಯುತ್ತದೆ. "ಮಗು ಆಟವಾಡಿಕೊಂಡಿದೆ, ಹೊಟ್ಟೆನೋವಿಲ್ಲ, ಹಾಗಿದ್ದ ಮೇಲೆ ಮಾತ್ರೆ ಏಕೆ?" ಎಂಬ ಪ್ರಶ್ನೆ ಪೋಷಕರಲ್ಲಿ ಮೂಡುವುದು ಸಹಜ. ತೊಂದರೆ ಕಾಣಿಸದಿರುವುದು ಹುಳು ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಹಲವು ಸಂದರ್ಭಗಳಲ್ಲಿ ಹುಳುವು ದೇಹದ ಕಾವಲನ್ನೇ ಸುಮ್ಮನಾಗಿಸಿರುತ್ತದೆ. ಈ ವಿಷಯವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

1. ಸೋಂಕು ಉಂಟಾಗುವ ಬಗೆ

ಮಣ್ಣಿನ ಮೂಲಕ ಹರಡುವ ಮುಖ್ಯ ಹುಳುಗಳು ಮೂರು: ದುಂಡುಹುಳು, ಚಾಟಿಹುಳು ಮತ್ತು ಕೊಕ್ಕೆಹುಳು. ಸೋಂಕಿತ ವ್ಯಕ್ತಿಯು ಬಯಲಿನಲ್ಲಿ ಮಲವಿಸರ್ಜನೆ ಮಾಡಿದಾಗ ಹುಳುವಿನ ಮೊಟ್ಟೆಗಳು ಮಣ್ಣನ್ನು ಸೇರುತ್ತವೆ. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆಗಳನ್ನು ಇಡಬಲ್ಲದು. ತೇವವನ್ನು ಹಿಡಿದಿಟ್ಟುಕೊಳ್ಳುವ ಜೇಡಿಯಂಶದ ಮಣ್ಣಿನಲ್ಲಿ ಈ ಮೊಟ್ಟೆಗಳು ವರ್ಷಗಟ್ಟಲೆ ಜೀವಂತವಾಗಿ ಉಳಿಯಬಲ್ಲವು. ದುಂಡುಹುಳು ಮತ್ತು ಚಾಟಿಹುಳುವಿನ ಮೊಟ್ಟೆಗಳು ತೊಳೆಯದ ಕೈ, ತೊಳೆಯದ ತರಕಾರಿ ಹಾಗೂ ಕಲುಷಿತ ನೀರಿನ ಮೂಲಕ ಹೊಟ್ಟೆಯನ್ನು ಸೇರುತ್ತವೆ. ಕೊಕ್ಕೆಹುಳುವಿನ ಮರಿಗಳು ಮುಖ್ಯವಾಗಿ ಬರಿಗಾಲಿನ ಚರ್ಮವನ್ನು ಭೇದಿಸಿ ದೇಹವನ್ನು ಪ್ರವೇಶಿಸಿ, ಕರುಳಿಗೆ ಅಂಟಿಕೊಂಡು ರಕ್ತ ಹೀರುತ್ತವೆ. ಇದರಿಂದ ರಕ್ತಹೀನತೆ ಉಂಟಾಗುತ್ತದೆ.

2. ದೇಹದ ಪ್ರತಿಕ್ರಿಯೆ

ವಿಷಮಶೀತ, ಕ್ಷಯ ಮೊದಲಾದ ರೋಗಗಳ ಸೂಕ್ಷ್ಮಾಣುಗಳನ್ನು ದೇಹದ ಕೆಲವು ರಕ್ಷಣಾ ಕೋಶಗಳು ನುಂಗಿ ನಾಶಪಡಿಸಲು ಯತ್ನಿಸುತ್ತವೆ. ಗೇಣುದ್ದದ ದುಂಡುಹುಳುವನ್ನು ಯಾವ ಕೋಶವೂ ನುಂಗಲಾರದು. ಆದುದರಿಂದ ಹುಳುವಿನ ವಿರುದ್ಧ ದೇಹವು ಬೇರೆಯದೇ ವಿಧಾನವನ್ನು ಅನುಸರಿಸುತ್ತದೆ. ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಹಾಗೂ ಐ.ಜಿ.ಇ. ಎಂಬ ಪ್ರತಿಕಾಯ ಹೆಚ್ಚುತ್ತವೆ. ಕರುಳಿನಲ್ಲಿ ಲೋಳೆ ಹೆಚ್ಚಾಗಿ ಸ್ರವಿಸಿ, ಹುಳುವನ್ನು ಹೊರದೂಡಲು ಕರುಳಿನ ಚಲನೆ ತೀವ್ರಗೊಳ್ಳುತ್ತದೆ. ರಕ್ತಪರೀಕ್ಷೆಯ ವರದಿಯಲ್ಲಿ ಇಯೋಸಿನೋಫಿಲ್ ಪ್ರಮಾಣ ಅಧಿಕವೆಂದು ನಮೂದಾಗಿದ್ದರೆ, ಅಲರ್ಜಿಯ ಜೊತೆಗೆ ಜಂತುಹುಳುವಿನ ಸಾಧ್ಯತೆಯನ್ನೂ ವೈದ್ಯರು ಪರಿಶೀಲಿಸುವುದು ಇದೇ ಕಾರಣಕ್ಕೆ.

ಸೋಂಕು ತಿಂಗಳು, ವರ್ಷಗಳ ಕಾಲ ಮುಂದುವರಿದಾಗ ಪರಿಸ್ಥಿತಿ ಬದಲಾಗುತ್ತದೆ. ದೇಹವು ತನ್ನ ಅಂಗಾಂಶಗಳಿಗೆ ತಾನೇ ಹಾನಿ ಮಾಡಿಕೊಳ್ಳದಂತೆ ತಡೆಯಲು ನಿಯಂತ್ರಕ ಟಿ ಕೋಶಗಳು ಎಂಬ ವಿಶೇಷ ಕೋಶಗಳಿವೆ. ಇವುಗಳ ಕುರಿತ ಸಂಶೋಧನೆಗೆ 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆತಿದೆ. ಹುಳುಗಳು ಸ್ರವಿಸುವ ಕೆಲವು ವಸ್ತುಗಳು ಈ ಕೋಶಗಳನ್ನು ಪ್ರಚೋದಿಸಿ, ದೇಹದ ಪ್ರತಿರೋಧವನ್ನು ತಗ್ಗಿಸುತ್ತವೆ. ಉರಿಯೂತ ಕಡಿಮೆಯಾಗುವುದರಿಂದ ವ್ಯಕ್ತಿಗೆ ನೋವು ತಿಳಿಯುವುದಿಲ್ಲ, ಹುಳುವಿಗೂ ಅಪಾಯವಿರುವುದಿಲ್ಲ.

3. ನಾರುಹುಣ್ಣು: ಉತ್ತರ ಕರ್ನಾಟಕದ ಅನುಭವ

ಉತ್ತರ ಕರ್ನಾಟಕದ ಹಿರಿಯರಿಗೆ ನಾರುಹುಣ್ಣಿನ ನೆನಪಿರಬಹುದು. ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜೀವಿಯ ಮೂಲಕ ದೇಹವನ್ನು ಸೇರುವ ಈ ಹುಳು, ಸುಮಾರು ಒಂದು ವರ್ಷ ಕಾಲ ಯಾವ ಸುಳಿವನ್ನೂ ನೀಡದೆ ಒಳಗೇ ಬೆಳೆದು, 60 ಸೆಂಟಿಮೀಟರಿಗೂ ಹೆಚ್ಚು ಉದ್ದವಾಗಿ, ಕೊನೆಗೆ ಕಾಲಿನಲ್ಲಿ ಬೊಕ್ಕೆಯಾಗಿ ಹೊರಬರುತ್ತಿತ್ತು. ಒಮ್ಮೆ ಈ ರೋಗ ಬಂದವರಿಗೆ ಅದರ ವಿರುದ್ಧ ನಿರೋಧಕ ಶಕ್ತಿ ಬೆಳೆಯುತ್ತಿರಲಿಲ್ಲ. ಮರುವರ್ಷ ಮತ್ತೆ ಬರುತ್ತಿತ್ತು.

ಈ ರೋಗಕ್ಕೆ ಲಸಿಕೆಯಾಗಲಿ, ಗುಣಪಡಿಸುವ ಔಷಧಿಯಾಗಲಿ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಮೆಟ್ಟಿಲು ಬಾವಿಗಳ ಬದಲು ಕೊಳವೆ ಬಾವಿಗಳ ನೀರನ್ನು ಬಳಸುವುದು ಮುಂತಾದ ಕ್ರಮಗಳಿಂದಲೇ ಅದು ನಿರ್ಮೂಲನಗೊಂಡಿತು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ವರದಿಯಾಯಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣು ಮುಕ್ತ ದೇಶವೆಂದು ಪ್ರಮಾಣೀಕರಿಸಿತು. ದೇಹ ಮೋಸಹೋಗುವಲ್ಲಿ ನೈರ್ಮಲ್ಯವೇ ರಕ್ಷಣೆ ಎಂಬುದಕ್ಕೆ ಇದು ನಿದರ್ಶನ.

4. ಇತರ ರೋಗಗಳು ಮತ್ತು ಲಸಿಕೆಗಳ ಮೇಲೆ ಪರಿಣಾಮ

ಹುಳುವಿಗಾಗಿ ತಗ್ಗಿದ ಪ್ರತಿರೋಧವು ಬೇರೆ ರೋಗಗಳ ವಿಷಯದಲ್ಲಿಯೂ ತಗ್ಗಬಹುದು. ಸುಪ್ತ ಕ್ಷಯ ಸೋಂಕು ಇರುವವರಲ್ಲಿ ಆನೆಕಾಲು ರೋಗದ ಹುಳುವೂ ಇದ್ದಾಗ, ಕ್ಷಯದ ವಿರುದ್ಧದ ಪ್ರತಿಸ್ಪಂದನೆ ದುರ್ಬಲವಾಗಿರುವುದು ದಕ್ಷಿಣ ಭಾರತದ ಅಧ್ಯಯನಗಳಲ್ಲಿ ಕಂಡುಬಂದಿದೆ. ದುಂಡುಹುಳುವಿದ್ದ ಮಕ್ಕಳಿಗೆ ಮೊದಲು ಹುಳುವಿನ ಔಷಧಿ ನೀಡಿದಾಗ ಕಾಲರಾ ಲಸಿಕೆಗೆ ಉತ್ತಮ ಪ್ರತಿಸ್ಪಂದನೆ ದೊರೆತದ್ದು ಈಕ್ವೆಡಾರ್ ದೇಶದ ಅಧ್ಯಯನದಲ್ಲಿ 2000ದಲ್ಲಿ ವರದಿಯಾಗಿದೆ. ಎಲ್ಲ ಲಸಿಕೆಗಳಲ್ಲಿಯೂ, ಎಲ್ಲ ಅಧ್ಯಯನಗಳಲ್ಲಿಯೂ ಇದೇ ಫಲಿತಾಂಶ ಬಂದಿಲ್ಲ. ಆದ್ದರಿಂದ ಹುಳುವಿನ ಕಾರಣಕ್ಕೆ ಮಕ್ಕಳ ಲಸಿಕೆಯನ್ನು ಮುಂದೂಡತಕ್ಕದ್ದಲ್ಲ. ಲಸಿಕೆ ಮತ್ತು ಜಂತುಹುಳು ಮಾತ್ರೆ ಎರಡೂ ಅಗತ್ಯ.

5. ಸ್ಟೀರಾಯ್ಡ್ ಔಷಧಿಗಳ ಬಗ್ಗೆ ಎಚ್ಚರಿಕೆ

ಮೇಲಿನ ಮೂರು ಹುಳುಗಳು ಮನುಷ್ಯನ ದೇಹದೊಳಗೆ ಸಂಖ್ಯೆಯಲ್ಲಿ ಹೆಚ್ಚುವುದಿಲ್ಲ; ಪ್ರತಿಯೊಂದು ಹುಳುವೂ ಹೊರಗಿನಿಂದಲೇ ಬಂದಿರುತ್ತದೆ. ಆದರೆ ಬರಿಗಾಲಿನ ಮೂಲಕವೇ ಬರುವ ಸ್ಟ್ರಾಂಜಿಲಾಯ್ಡಿಸ್ ಎಂಬ ಸಣ್ಣ ಹುಳು ದೇಹದೊಳಗೇ ವೃದ್ಧಿಯಾಗಿ ದಶಕಗಳ ಕಾಲ ಉಳಿಯಬಲ್ಲದು. ಕೀಲುನೋವು, ದಮ್ಮು ಮುಂತಾದ ಕಾಯಿಲೆಗಳಿಗೆ ಸ್ಟೀರಾಯ್ಡ್ ಸೇವಿಸಿದಾಗ ರೋಗನಿರೋಧಕ ಶಕ್ತಿ ಕುಗ್ಗಿ, ಈ ಹುಳು ಮಿತಿಮೀರಿ ಹೆಚ್ಚಿ ಪ್ರಾಣಾಪಾಯ ಉಂಟಾಗಬಹುದು. ವೈದ್ಯರ ಚೀಟಿಯಿಲ್ಲದೆ ಇಂತಹ ಮಾತ್ರೆಗಳನ್ನು ಸೇವಿಸಬಾರದು. ದೀರ್ಘಕಾಲ ಬರಿಗಾಲಿನಲ್ಲಿ ಹೊಲದ ಕೆಲಸ ಮಾಡಿದವರು ಆ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸುವುದು ಸೂಕ್ತ.

6. ನಾಗರಿಕರು ಗಮನಿಸಬೇಕಾದ ಅಂಶಗಳು

(ಅ) ಮಾತ್ರೆಯನ್ನು ಸಾಮಾನ್ಯವಾಗಿ ಫೆಬ್ರವರಿ ಹಾಗೂ ಆಗಸ್ಟ್ ತಿಂಗಳುಗಳಲ್ಲಿ ನೀಡಲಾಗುತ್ತದೆ. ದಿನಾಂಕವನ್ನು ಶಾಲೆ, ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಕಾರ್ಯಕರ್ತೆಯರಿಂದ ತಿಳಿಯಬಹುದು. ಶಾಲೆಗೆ ಹೋಗದ ಮಕ್ಕಳಿಗೂ ಅಂಗನವಾಡಿಯಲ್ಲಿ ಮಾತ್ರೆ ದೊರೆಯುತ್ತದೆ.

(ಆ) 1 ರಿಂದ 2 ವರ್ಷದ ಮಕ್ಕಳಿಗೆ 400 ಮಿಲಿಗ್ರಾಂ ಅಲ್ಬೆಂಡಜೋಲ್ ಮಾತ್ರೆಯ ಅರ್ಧ ಭಾಗವನ್ನು ಪುಡಿ ಮಾಡಿ ನೀರಿನೊಂದಿಗೆ ನೀಡಬೇಕು. 2 ರಿಂದ 3 ವರ್ಷದ ಮಕ್ಕಳಿಗೆ ಪೂರ್ಣ ಮಾತ್ರೆಯನ್ನು ಪುಡಿ ಮಾಡಿ ನೀರಿನೊಂದಿಗೆ ನೀಡಬೇಕು; 3 ವರ್ಷ ಮೇಲ್ಪಟ್ಟವರು ಪೂರ್ಣ ಮಾತ್ರೆಯನ್ನು ಅಗಿದು ಸೇವಿಸಬೇಕು.

(ಇ) ಅಂದು ಅಸ್ವಸ್ಥವಾಗಿರುವ ಮಗುವಿಗೆ ಮಾತ್ರೆ ನೀಡುವಂತಿಲ್ಲ. ಗುಣವಾದ ನಂತರ, ಬಿಟ್ಟುಹೋದವರಿಗಾಗಿ ನಿಗದಿಪಡಿಸಿದ ದಿನದಂದು ಪಡೆಯಬಹುದು.

(ಈ) ಹುಳು ಹೆಚ್ಚಾಗಿರುವ ಮಕ್ಕಳಲ್ಲಿ ಸ್ವಲ್ಪ ವಾಕರಿಕೆ ಅಥವಾ ಹೊಟ್ಟೆನೋವು ಕಾಣಿಸಿ, ತಾನಾಗಿಯೇ ಶಮನವಾಗುತ್ತದೆ. ಶಮನವಾಗದಿದ್ದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬೇಕು.

(ಉ) ಗರ್ಭಿಣಿಯರು ಮೊದಲ 3 ತಿಂಗಳಲ್ಲಿ ಈ ಮಾತ್ರೆ ಸೇವಿಸಬಾರದು. ನಂತರ ವೈದ್ಯರ ಸಲಹೆಯಂತೆ ನಡೆಯತಕ್ಕದ್ದು.

(ಊ) ಶೌಚಾಲಯವಿಲ್ಲದ ಕುಟುಂಬಗಳು ಸಹಾಯಧನದ ಅರ್ಹತೆಯ ಬಗ್ಗೆ ತಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬಹುದು.

ಮಾತ್ರೆಯು ಒಳಗಿರುವ ಹುಳುವನ್ನು ಮಾತ್ರ ಕೊಲ್ಲುತ್ತದೆ. ನಾಳೆ ಬರುವ ಹುಳುವನ್ನು ತಡೆಯಲಾರದು. ಶೌಚಾಲಯದ ಬಳಕೆ, ಊಟಕ್ಕೆ ಮುನ್ನ ಮತ್ತು ಶೌಚದ ನಂತರ ಸಾಬೂನಿನಿಂದ ಕೈ ತೊಳೆಯುವುದು, ಹೊಲಕ್ಕೆ ಹೋಗುವಾಗ ಪಾದರಕ್ಷೆ ಧರಿಸುವುದು, ಇವುಗಳನ್ನು ಮನೆಮಂದಿಯೆಲ್ಲರೂ ರೂಢಿಸಿಕೊಂಡಾಗ ಮಾತ್ರ ಚಿಕಿತ್ಸೆಯ ಫಲ ಉಳಿಯುತ್ತದೆ. ಮಗು ಆರೋಗ್ಯವಾಗಿ ಕಾಣುತ್ತಿದೆಯೆಂಬ ಕಾರಣದಿಂದ ಮಾತ್ರೆಯನ್ನು ನಿರಾಕರಿಸದೆ ಸಹಕರಿಸಬೇಕೆಂದು ಪೋಷಕರಲ್ಲಿ ಕೋರಲಾಗಿದೆ.