ಹಸಿ ತರಕಾರಿ, ಹಸಿ ಮಾಂಸ ತಿಂದರೆ ಕಾಯಿಲೆಗಳೆಲ್ಲ ಮಾಯವೇ? ಫಾರ್ವರ್ಡ್ ಮಾಡುವ ಮುನ್ನ ಜೋಳದ ಮೊಳಕೆಯ ವಿಷಯ ತಿಳಿದುಕೊಳ್ಳಿ

ಬೇಯಿಸಿದ ಆಹಾರ ಸತ್ತ ಆಹಾರ, ಎಲ್ಲವನ್ನೂ ಹಸಿಯಾಗಿ ತಿಂದರೆ ಶುಗರ್, ಬಿಪಿ, ಬೊಜ್ಜು ತಾನಾಗಿಯೇ ಹೋಗುತ್ತವೆ ಎನ್ನುವ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಮೊದಲು ಇವು ಹಣ್ಣು, ತರಕಾರಿ, ಮೊಳಕೆ ಕಾಳುಗಳ ಬಗ್ಗೆ ಮಾತ್ರ ಇರುತ್ತಿದ್ದವು. ಈಗ ಹಸಿ ಮೊಟ್ಟೆ, ಕಾಯಿಸದ ಹಾಲು, ಹಸಿ ಮಾಂಸ ತಿನ್ನುವ ರೀಲ್ಸ್‌ಗಳೂ ಸೇರಿಕೊಂಡಿವೆ.

ಇದರಲ್ಲಿ ನಿಜವೆಷ್ಟು? ಚುಟುಕಾಗಿ ಹೇಳುವುದಾದರೆ: ಹಣ್ಣು, ಕೆಲವು ಸೊಪ್ಪು-ತರಕಾರಿಗಳನ್ನು ಚೆನ್ನಾಗಿ ತೊಳೆದು ಹಸಿಯಾಗಿ ತಿನ್ನುವುದು ಒಳ್ಳೆಯದು. ಮಾಂಸ, ಮೊಟ್ಟೆ, ಹಾಲು, ಬೇಳೆಕಾಳುಗಳನ್ನು ಹಸಿಯಾಗಿ ತಿಂದರೆ ಲಾಭಕ್ಕಿಂತ ಅಪಾಯವೇ ಹೆಚ್ಚು. ಜೋಳ ಉಣ್ಣುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದವರು ಇನ್ನೊಂದು ಎಚ್ಚರಿಕೆಯನ್ನೂ ಗಮನಿಸಬೇಕು: ಜೋಳವನ್ನು ಮೊಳಕೆ ಬರಿಸಿ ಹಸಿಯಾಗಿ ತಿನ್ನಲೇಬೇಡಿ.

ನಮ್ಮ ಊಟದಲ್ಲಿ ಹಸಿ ಆಹಾರ ಇಲ್ಲವೇ?

ಇದೆ, ಧಾರಾಳವಾಗಿಯೇ ಇದೆ. ಜೋಳದ ರೊಟ್ಟಿಯ ಜೊತೆ ಹಕ್ಕರಕಿ, ಎಳೆ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಸವತಿಕಾಯಿ, ಮೂಲಂಗಿ, ಗಜ್ಜರಿಯನ್ನು ಹಸಿಯಾಗಿಯೇ ತಿನ್ನುತ್ತೇವೆ. ಚಳಿಗಾಲದಲ್ಲಿ ಹೊಲದ ಬದುವಿನಲ್ಲಿ ಕುಳಿತು ಹಸಿ ಕಡಲೆ ಬಿಡಿಸಿ ತಿನ್ನುವುದೂ ಉಂಟು.

ಆದರೆ ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ, ಸೀತನಿ ಮಾಡಿಯೇ ತಿನ್ನುತ್ತೇವೆ. ಪುಂಡಿ ಪಲ್ಯ ಕುದಿಯದೆ ತಟ್ಟೆಗೆ ಬರುವುದಿಲ್ಲ. ಎಳ್ಳ ಅಮಾವಾಸ್ಯೆಯ ಭಜ್ಜಿಯಲ್ಲಿ ಬಗೆಬಗೆಯ ಸೊಪ್ಪು, ತರಕಾರಿ, ಹೊಸ ಕಾಳುಗಳಿದ್ದರೂ ಅದನ್ನು ಒಲೆಯ ಮೇಲಿಟ್ಟೇ ಮಾಡುವುದು. 2019ರಲ್ಲಿ ಜಿಐ ಮಾನ್ಯತೆ ಪಡೆದ ಕಲಬುರಗಿ ತೊಗರಿ ಬೇಳೆಯನ್ನು ಯಾರೂ ಬೇಯಿಸದೆ ಉಣ್ಣುವುದಿಲ್ಲ. ತಾಂಡಾಗಳಲ್ಲಿ ಕುರಿ-ಮೇಕೆಯ ರಕ್ತ ಮತ್ತು ಒಳಭಾಗಗಳಿಂದ ಮಾಡುವ ಸಳೋಯಿ ಕೂಡ ಬೇಯಿಸಿದ ಅಡುಗೆಯೇ. ಯಾವುದನ್ನು ಹಸಿಯಾಗಿ ತಿನ್ನಬಹುದು, ಯಾವುದಕ್ಕೆ ಬೆಂಕಿ ಬೇಕು ಎಂಬ ಈ ವಿಂಗಡಣೆ ಬಹುಮಟ್ಟಿಗೆ ವಿಜ್ಞಾನಕ್ಕೂ ಹೊಂದುತ್ತದೆ.

ಜೋಳದ ಮೊಳಕೆ ಯಾಕೆ ಅಪಾಯ?

ಇದು ರೈತರಿಗೆ ಹೊಸ ವಿಷಯವಲ್ಲ. ಎಳೆ ಜೋಳದ ಪೈರನ್ನೋ, ಕೊಯ್ಲಾದ ಮೇಲೆ ಕೂಳೆಯಲ್ಲಿ ಬಂದ ಚಿಗುರನ್ನೋ ಮೇಯ್ದ ದನ ಸ್ವಲ್ಪ ಹೊತ್ತಿನಲ್ಲೇ ಏದುಸಿರು ಬಿಟ್ಟು ಬಿದ್ದು ಸಾಯುವುದುಂಟು. ಮಳೆ ಕೈಕೊಟ್ಟು ಬಾಡಿದ ಪೈರಿನಲ್ಲಿ ಅಪಾಯ ಇನ್ನೂ ಹೆಚ್ಚು.

ಕಾರಣ, ಜೋಳದ ಚಿಗುರಿನಲ್ಲಿರುವ ಧುರ್ರಿನ್ ಎಂಬ ವಸ್ತು. ಚಿಗುರನ್ನು ಅಗಿದಾಗ ಅಥವಾ ಜಜ್ಜಿದಾಗ ಅದರಲ್ಲೇ ಇರುವ ಕಿಣ್ವಗಳು ಧುರ್ರಿನ್ನನ್ನು ಒಡೆದು ಹೈಡ್ರೋಜನ್ ಸಯನೈಡ್ ಬಿಡುಗಡೆ ಮಾಡುತ್ತವೆ. ಸಯನೈಡ್ ಸೇರಿದರೆ ರಕ್ತದಲ್ಲಿ ಆಮ್ಲಜನಕ ಇದ್ದರೂ ಜೀವಕೋಶಗಳು ಅದನ್ನು ಬಳಸಿಕೊಳ್ಳಲಾರವು. ಹಸಿ ಆಹಾರದ ಸಂದೇಶಗಳು ಜೀವಂತ ಕಿಣ್ವಗಳು ಒಳ್ಳೆಯವು ಎನ್ನುತ್ತವೆ. ಇಲ್ಲಿ ವಿಷವನ್ನು ಹೊರಬಿಡುವುದೇ ಆ ಕಿಣ್ವ.

ಒಣಗಿದ ಜೋಳದ ಕಾಳಿನಲ್ಲಿ ಈ ವಸ್ತು ತೀರಾ ಕಡಿಮೆ, ಆದ್ದರಿಂದ ರೊಟ್ಟಿಗೆ ಭಯವಿಲ್ಲ. ಕಾಳು ಮೊಳೆತಾಗ ಅದು ಏರುತ್ತದೆ. 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 100 ಗ್ರಾಂ ಜೋಳದಿಂದ ಬೆಳೆದ ಮೊಳಕೆಗಳಲ್ಲಿ ಸರಾಸರಿ 61 ಮಿಲಿಗ್ರಾಂನಷ್ಟು ಹೈಡ್ರೋಜನ್ ಸಯನೈಡ್ ಸಿಕ್ಕಿತು. ದೊಡ್ಡವರೊಬ್ಬರ ಜೀವ ತೆಗೆಯಲು ಇಷ್ಟು ಸಾಕಾಗಬಹುದು. ಹೆಸರುಕಾಳು, ಮಡಿಕೆ ಕಾಳಿನಂತೆ ಜೋಳವೂ ಆದೀತು ಎಂದುಕೊಂಡು ಮೊಳಕೆ ಕಟ್ಟಿ ಮಕ್ಕಳಿಗೆ ಕೊಡಬೇಡಿ.

ಹೆಸರುಕಾಳಿನ ಮೊಳಕೆ ತಿನ್ನಬಹುದಲ್ಲ?

ತಿನ್ನಬಹುದು, ಹಬೆಯಲ್ಲಿ ಬೇಯಿಸಿದರೆ ಇನ್ನೂ ಒಳ್ಳೆಯದು. ಮೊಳಕೆ ಬರಲು ಬೇಕಾದ ತೇವ ಮತ್ತು ಬಿಸುಪು ಬ್ಯಾಕ್ಟೀರಿಯಾಗಳಿಗೂ ಇಷ್ಟ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯ ಮೊಳಕೆಯ ಮೂಲಕ ಹರಡಿದ ಇ-ಕೋಲಿ ಸೋಂಕಿಗೆ 50ಕ್ಕೂ ಹೆಚ್ಚು ಮಂದಿ ಬಲಿಯಾದರು. ಇನ್ನು ರಾಜ್ಮಾದಂಥ ಕಾಳಿನಲ್ಲಿರುವ ಲೆಕ್ಟಿನ್ ಎಂಬ ಅಂಶ ಹಸಿಯಾಗಿ ಹೊಟ್ಟೆಗೆ ಹೋದರೆ ಕೆಲವೇ ಗಂಟೆಗಳಲ್ಲಿ ವಾಂತಿ-ಭೇದಿ ಶುರುವಾಗುತ್ತದೆ. ಚೆನ್ನಾಗಿ ಕುದಿಸಿದರೆ ಅದು ನಾಶವಾಗುತ್ತದೆ.

ಹಸಿ ಮಾಂಸದಲ್ಲಿ ಶಕ್ತಿ ಹೆಚ್ಚೇ?

ಇಲ್ಲ. ಬೇಯಿಸಿದಾಗ ಪ್ರೊಟೀನ್ ಸಡಿಲವಾಗಿ ದೇಹಕ್ಕೆ ಜೀರ್ಣಿಸಿಕೊಳ್ಳುವುದು ಸುಲಭವಾಗುತ್ತದೆ. ಬೆಲ್ಜಿಯಂನಲ್ಲಿ 1998ರಲ್ಲಿ ಮೊಟ್ಟೆಯ ಮೇಲೆ ನಡೆದ ಪ್ರಯೋಗದಲ್ಲಿ, ಬೆಂದ ಮೊಟ್ಟೆಯ ಪ್ರೊಟೀನ್ ಶೇ. 91ರಷ್ಟು ಜೀರ್ಣವಾದರೆ ಹಸಿ ಮೊಟ್ಟೆಯದು ಶೇ. 51ರಷ್ಟು ಮಾತ್ರ. ಬಾಡಿ ಬೆಳೆಸಲು ಹಸಿ ಮೊಟ್ಟೆ ಒಡೆದು ಕುಡಿಯುವವರು ಹೆಚ್ಚುಕಡಿಮೆ ಅರ್ಧ ಪ್ರೊಟೀನನ್ನು ವ್ಯರ್ಥ ಮಾಡುತ್ತಿರುತ್ತಾರೆ.

ಜಪಾನಿನವರು ಹಸಿ ಮೀನು ತಿನ್ನುತ್ತಾರಲ್ಲ ಎಂಬುದು ಮುಂದಿನ ಪ್ರಶ್ನೆ. ಹಸಿಯಾಗಿ ತಿನ್ನುವ ಮೀನನ್ನು ಹುಳುಗಳು ಸಾಯಲೆಂದು ಮೈನಸ್ 20 ಡಿಗ್ರಿಯಲ್ಲಿ ನಿಗದಿತ ಕಾಲ ಇಡುವ ನಿಯಮ ಹಲವು ದೇಶಗಳಲ್ಲಿದೆ. ಇದರಿಂದಲೂ ಬ್ಯಾಕ್ಟೀರಿಯಾಗಳೆಲ್ಲ ಸಾಯುವುದಿಲ್ಲ. ನಮ್ಮಲ್ಲಿ ಬೆಳಿಗ್ಗೆ ಕಡಿದ ಮಾಂಸ ಅಂಗಡಿಯಲ್ಲಿ ತೂಗುಹಾಕಿಕೊಂಡೇ ಇರುತ್ತದೆ. ಬೇಸಿಗೆಯಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಅನುಕೂಲ ಸಿಕ್ಕರೆ ಇ-ಕೋಲಿಯಂಥ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಅಂದರೆ ಒಂದು ಬ್ಯಾಕ್ಟೀರಿಯಾ 3 ಗಂಟೆಯಲ್ಲಿ 512 ಆಗುತ್ತದೆ.

ಹಸಿ ಅಥವಾ ಅರೆಬೆಂದ ಮಾಂಸದಿಂದ ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿಯೂ ಬರಬಹುದು. ಗರ್ಭಿಣಿಗೆ ಇದರ ಸೋಂಕು ತಗುಲಿದರೆ ಗರ್ಭಪಾತವಾಗಬಹುದು, ಮಗುವಿನ ಕಣ್ಣು, ಮಿದುಳಿಗೆ ಹಾನಿಯಾಗಬಹುದು. ಕುರಿ, ಮೇಕೆ, ಎಮ್ಮೆಯ ಕಾಯಿಸದ ಹಾಲಿನಿಂದ ಬ್ರುಸೆಲ್ಲೋಸಿಸ್ ಬರುತ್ತದೆ: ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು, ಸುಸ್ತು. ಇದು ದೂರದ ಕಾಯಿಲೆಯಲ್ಲ. ವಿಜಯಪುರದ ವೈದ್ಯರು ಮಕ್ಕಳಲ್ಲಿ ಕಂಡ ಬ್ರುಸೆಲ್ಲೋಸಿಸ್ ಬಗ್ಗೆ 2004ರಲ್ಲೇ ಅಧ್ಯಯನ ಪ್ರಕಟಿಸಿದ್ದಾರೆ.

ಮಾಂಸ ತಿನ್ನದವರಿಗೆ ಭಯವಿಲ್ಲವೇ?

ಇದೆ. ಸರಿಯಾಗಿ ಬೇಯದ ಹಂದಿ ಮಾಂಸ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯಬಹುದು. ಅಂಥವರು ಬಯಲಿಗೆ ಹೋದಾಗ ಹುಳುವಿನ ಮೊಟ್ಟೆಗಳು ಮಣ್ಣು, ನೀರಿನ ಮೂಲಕ ತರಕಾರಿಗೆ ಅಂಟುತ್ತವೆ. ಸರಿಯಾಗಿ ತೊಳೆಯದ ಸೊಪ್ಪಿನ ಜೊತೆ ಅವು ಹೊಟ್ಟೆ ಸೇರಿದರೆ, ಮರಿಗಳು ರಕ್ತದ ಮೂಲಕ ಮಿದುಳಿಗೆ ಹೋಗಿ ಗಂಟಾಗಿ ಕೂರುತ್ತವೆ. ಅದರಿಂದ ಫಿಟ್ಸ್ ಬರುತ್ತದೆ. ಜೀವಮಾನದಲ್ಲಿ ಮಾಂಸ ಮುಟ್ಟದವರಿಗೂ ಇದು ಬಂದೀತು. ಈ ಹುಳು ಹೆಚ್ಚಿರುವ ಅನೇಕ ಪ್ರದೇಶಗಳಲ್ಲಿ ಮೂರ್ಛೆರೋಗದ ಪ್ರಕರಣಗಳಲ್ಲಿ ಸುಮಾರು ಶೇ. 30ಕ್ಕೆ ಇದೇ ಕಾರಣ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಬೇಯಿಸಿದರೆ ಸತ್ವ ಹೋಗುವುದಿಲ್ಲವೇ?

ಸ್ವಲ್ಪ ಹೋಗುತ್ತದೆ, ಅದು ನಿಜ. ವಿಟಮಿನ್ ಸಿ ಮತ್ತು ಕೆಲವು ಬಿ ವಿಟಮಿನ್‌ಗಳು ಶಾಖಕ್ಕೆ ಕಡಿಮೆಯಾಗುತ್ತವೆ, ಬಸಿದು ಚೆಲ್ಲಿದ ನೀರಿನಲ್ಲೂ ಹೋಗುತ್ತವೆ. ಆ ಕೊರತೆಯನ್ನು ಒಂದು ಪೇರಲ ಹಣ್ಣು, ಊಟಕ್ಕೆ ಹಿಂಡಿದ ನಿಂಬೆ ತುಂಬುತ್ತದೆ. ಇನ್ನೊಂದೆಡೆ ಗಜ್ಜರಿಯ ಕ್ಯಾರೊಟಿನ್, ಟೊಮೆಟೊದ ಲೈಕೋಪಿನ್ ಬೆಂದ ಮೇಲೆಯೇ ದೇಹಕ್ಕೆ ಹೆಚ್ಚು ಸಿಗುತ್ತವೆ. ಆಹಾರದ ಕಿಣ್ವಗಳು ನಮ್ಮ ಜೀರ್ಣಕ್ಕೆ ಬೇಕು ಎಂಬುದೂ ತಪ್ಪು. ಅವೂ ಪ್ರೊಟೀನುಗಳೇ, ಬಹುಪಾಲು ನಮ್ಮ ಹೊಟ್ಟೆ, ಕರುಳಿನಲ್ಲೇ ಜೀರ್ಣವಾಗಿ ಹೋಗುತ್ತವೆ. ಜೀರ್ಣಕ್ಕೆ ಬೇಕಾದ ಕಿಣ್ವಗಳನ್ನು ದೇಹವೇ ತಯಾರಿಸಿಕೊಳ್ಳುತ್ತದೆ.

ಆದರೂ ತೂಕ ಇಳಿಯುತ್ತದಲ್ಲ?

ಇಳಿಯುತ್ತದೆ. ಹೊಟ್ಟೆ ತುಂಬಿದರೂ ಮೈಗೆ ಹಿಡಿಯುವುದು ಕಡಿಮೆಯಾಗುವುದರಿಂದ ಇಳಿಯುತ್ತದೆ. ಬಹುಕಾಲ ಹಸಿ ಆಹಾರವನ್ನೇ ನೆಚ್ಚಿಕೊಂಡವರ ಮೇಲೆ ಜರ್ಮನಿಯಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 45 ವರ್ಷದೊಳಗಿನ ಮಹಿಳೆಯರಲ್ಲಿ ಸುಮಾರು ಶೇ. 30 ಮಂದಿಗೆ ಮುಟ್ಟು ಏರುಪೇರಾಗಿತ್ತು ಅಥವಾ ನಿಂತೇ ಹೋಗಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಅವರಿಗೆ ಈ ಪಥ್ಯ ಹೇಳುವುದು ಗಾಯದ ಮೇಲೆ ಬರೆ ಎಳೆದಂತೆ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲೋ, ಶಹಾಬಾದಿನ ಕಲ್ಲು ಗಣಿಯಲ್ಲೋ ದಿನವಿಡೀ ಮೈಮುರಿದು ದುಡಿಯುವವರಿಗೂ ಇದರಿಂದ ಸಾಕಷ್ಟು ಶಕ್ತಿ ಸಿಗುವುದಿಲ್ಲ.

ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಒಮ್ಮೆಲೇ ಊಟ ಬದಲಿಸಿದರೆ ಸಕ್ಕರೆ ಅಂಶ ಅಪಾಯಕಾರಿಯಾಗಿ ಕುಸಿಯಬಹುದು. ಮೊದಲು ವೈದ್ಯರನ್ನು ಕೇಳಿ.

ಹಾಗಾದರೆ ಏನು ಮಾಡಬೇಕು?

- ಹಸಿಯಾಗಿ ತಿನ್ನುವ ಸೊಪ್ಪನ್ನು ಎಲೆಎಲೆ ಬಿಡಿಸಿ, ಶುದ್ಧ ನೀರು ಸುರಿಯುತ್ತಾ ತೊಳೆಯಿರಿ. ಮುಟ್ಟುವ ಮೊದಲು ಕೈಯನ್ನು ಸೋಪಿನಿಂದ ತೊಳೆಯಿರಿ.
- ಮಾಂಸ ಒಳಗಿನವರೆಗೂ ಬೇಯಲಿ. ಕನಿಷ್ಠ 70 ಡಿಗ್ರಿ ಶಾಖ ತಲುಪಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಳಗೆ ಕೆಂಪು ಉಳಿದಿದ್ದರೆ ಇನ್ನೂ ಬೇಯಿಸಿ.
- ಮಾಂಸ ಕತ್ತರಿಸಿದ ಚಾಕು, ಮಣೆಯನ್ನು ತೊಳೆಯದೆ ಉಳ್ಳಾಗಡ್ಡಿ, ಸವತಿಕಾಯಿ ಹೆಚ್ಚಬೇಡಿ.
- ಹಾಲು ಕಾಯಿಸಿ ಕುಡಿಯಿರಿ.
- ದಿಢೀರನೆ ಸತ್ತ ಕುರಿ, ದನದ ಮಾಂಸವನ್ನು ಬೇಯಿಸಿಯೂ ತಿನ್ನಬೇಡಿ, ಅದನ್ನು ಕೊಯ್ಯಲೂ ಬೇಡಿ. ಅಂಥ ಸಾವಿಗೆ ಆಂಥ್ರಾಕ್ಸ್ ಕಾರಣವಿರಬಹುದು. ಪಶುವೈದ್ಯರಿಗೆ ತಿಳಿಸಿ.
- ಜೋಳದ ಮೊಳಕೆ ತಿಂದ ಮೇಲೆ ತಲೆಸುತ್ತು, ಏದುಸಿರು, ಗೊಂದಲ ಕಂಡರೆ ಮನೆಮದ್ದು ಮಾಡುತ್ತ ಕೂರದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ, ಏನು ತಿಂದಿದ್ದು ಎಂದು ಹೇಳಿ.

ಹಸಿ ಆಹಾರದ ಸಂದೇಶ ಮತ್ತೆ ನಿಮ್ಮ ಗುಂಪಿಗೆ ಬಂದರೆ, ಕೆಳಗಿನ ಸಾಲನ್ನು ಉತ್ತರವಾಗಿ ಕಳಿಸಿ: ಸೊಪ್ಪು, ಹಣ್ಣು ತೊಳೆದು ಹಸಿಯಾಗಿ ತಿನ್ನಿ, ಮಾಂಸ, ಮೊಟ್ಟೆ, ಬೇಳೆ ಬೇಯಿಸಿ, ಹಾಲು ಕಾಯಿಸಿ, ಜೋಳದ ಮೊಳಕೆ ಮಾತ್ರ ತಿನ್ನಬೇಡಿ.