ಸ್ಪೆಕ್ಟ್ರೋಗ್ರಾಮ್ ಮೇಲಿನ ಗುರುತುಪಟ್ಟಿ: ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಮೇಲ್ಪದರವನ್ನು ನವೀಕರಿಸುವ ಕ್ರಮ

ಸಾರಾಂಶ: ಸ್ಪೆಕ್ಟ್ರೋಗ್ರಾಮ್‌ನಲ್ಲಿ ಧ್ವನಿಯೊಂದರ ಅವಧಿಯನ್ನು ಬಣ್ಣದ ಪಟ್ಟಿಯಿಂದ ಗುರುತಿಸುವುದು ಧ್ವನಿವಿಶ್ಲೇಷಣೆಯಲ್ಲಿ ರೂಢಿಯಲ್ಲಿರುವ ಕ್ರಮ. ಗಡಿ ಬದಲಾದಾಗಲೆಲ್ಲ ಹೊಸ ಪಟ್ಟಿಯನ್ನು ರಚಿಸಿದರೆ ಅಳತೆಗೆ ಆಧಾರವಾದ ಚಿತ್ರವೇ ಕೆಡುತ್ತದೆ. ಆದ್ದರಿಂದ ಇರುವ ಪಟ್ಟಿಯನ್ನೇ ಸರಿಸಬೇಕು ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಮುಖ್ಯ ಪದಗಳು: ಸ್ಪೆಕ್ಟ್ರೋಗ್ರಾಮ್, ಮೇಲ್ಪದರ, ದ್ವಿತ್ವ, ಅವಧಿಮಾಪನ, ಮ್ಯಾಟ್‌ಪ್ಲಾಟ್‌ಲಿಬ್

1. ಪೀಠಿಕೆ

‘ಕತೆ’ ಮತ್ತು ‘ಕತ್ತೆ’ ಎಂಬ ಪದಗಳ ಅರ್ಥಭೇದಕ್ಕೆ ಕಾರಣ ವ್ಯಂಜನದ ದ್ವಿತ್ವ. ತಕಾರದ ಉಚ್ಚಾರಣೆಯಲ್ಲಿ ನಾಲಗೆಯು ಗಾಳಿಯನ್ನು ತಡೆದು ನಿಲ್ಲಿಸುವ ಅವಧಿ ‘ಕತ್ತೆ’ಯಲ್ಲಿ ಹೆಚ್ಚು, ‘ಕತೆ’ಯಲ್ಲಿ ಕಡಿಮೆ. ಬೂದುಬಣ್ಣದ ಸ್ಪೆಕ್ಟ್ರೋಗ್ರಾಮ್‌ನಲ್ಲಿ ಹೆಚ್ಚು ಶಕ್ತಿಯಿರುವ ಭಾಗ ಗಾಢವಾಗಿ ಕಾಣುತ್ತದೆ. ಈ ತಡೆಯಾದರೋ ಬಹುತೇಕ ಬಿಳಿಯ ಪಟ್ಟೆಯಾಗಿಯೂ ಅದರ ಕೊನೆಯ ಸ್ಫೋಟವು ತೆಳುವಾದ ಲಂಬ ಗೆರೆಯಾಗಿಯೂ ತೋರುತ್ತವೆ. ಹೀಗೆ ಚಿತ್ರದ ಗಾಢತೆಯೇ ಇಲ್ಲಿ ದತ್ತಾಂಶ. ಅದರ ಮೇಲೆ ನಾವು ಹೊದಿಸುವ ಯಾವುದೇ ಬಣ್ಣವು ದತ್ತಾಂಶದೊಡನೆ ಬೆರೆಯುತ್ತದೆ.

2. ಪದರಗಳ ಸಂಚಯ

ಜಾನ್ ಹಂಟರ್ ಅವರು ಪೈಥಾನ್ ಭಾಷೆಗಾಗಿ ರೂಪಿಸಿದ ಮ್ಯಾಟ್‌ಪ್ಲಾಟ್‌ಲಿಬ್ ತಂತ್ರಾಂಶದಲ್ಲಿ ‘ಇಮ್‌ಶೋ’ ಆದೇಶವು ಚಿತ್ರವನ್ನೂ ‘ಆಕ್ಸ್‌ವಿಸ್ಪ್ಯಾನ್’ ಆದೇಶವು ಲಂಬ ಪಟ್ಟಿಯನ್ನೂ ರಚಿಸುತ್ತವೆ. ಎರಡನೆಯ ಆದೇಶವನ್ನು ಪುನಃ ಕೊಟ್ಟರೆ ಹಳೆಯ ಪಟ್ಟಿ ಅಳಿಯುವುದಿಲ್ಲ. ಅದರ ಮೇಲೆ ಮತ್ತೊಂದು ಸೇರುತ್ತದೆ. ಪಟ್ಟಿಯ ಅಪಾರದರ್ಶಕತೆ 0.3 ಎಂದಿಟ್ಟುಕೊಳ್ಳೋಣ. ಒಂದು ಪದರದ ಕೆಳಗೆ ಮೂಲಚಿತ್ರದ ವ್ಯತ್ಯಾಸಸ್ಪಷ್ಟತೆಯ ಶೇ. 70 ಉಳಿಯುತ್ತದೆ, ಎರಡರ ಕೆಳಗೆ ಶೇ. 49, ಮೂರರ ಕೆಳಗೆ ಸುಮಾರು ಶೇ. 34, ಐದರ ಕೆಳಗೆ ಸುಮಾರು ಶೇ. 17. ಗಡಿಯನ್ನು ಐದು ಬಾರಿ ತಿದ್ದಿದ ಸಂಶೋಧಕನಿಗೆ ಸ್ಫೋಟದ ತೆಳುಗೆರೆ ಕಾಣದಾಗಬಹುದು. ಎಚ್ಚರಿಕೆಯಿಂದ ತಿದ್ದಿದಷ್ಟೂ ಆಧಾರ ಮಸುಕಾಗುವ ವಿಪರ್ಯಾಸವಿದು.

3. ನವೀಕರಣದ ಕ್ರಮ

ಪಟ್ಟಿಯನ್ನು ಒಮ್ಮೆ ಮಾತ್ರ ರಚಿಸಿ, ಆದೇಶವು ಹಿಂದಿರುಗಿಸುವ ವಸ್ತುವನ್ನು ಒಂದು ಹೆಸರಿನಲ್ಲಿ ಇಟ್ಟುಕೊಳ್ಳಬೇಕು. ಗಡಿ ಬದಲಾದಾಗ ಅದರ ಎಡ ಅಂಚನ್ನು ‘ಸೆಟ್ ಎಕ್ಸ್’ ಮೂಲಕವೂ ಅಗಲವನ್ನು ‘ಸೆಟ್ ವಿಡ್ತ್’ ಮೂಲಕವೂ ಬದಲಿಸಿ, ‘ಡ್ರಾ ಐಡಲ್’ನಿಂದ ಪರದೆಯನ್ನು ನವೀಕರಿಸಬೇಕು. ಈ ವಿಧಾನ 3.9ನೆಯ ಆವೃತ್ತಿಯಿಂದೀಚೆಗೆ ಅನ್ವಯಿಸುತ್ತದೆ. ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಪಟ್ಟಿಯು ಆಯತವಾಗಿರದೆ ಬಹುಭುಜವಾಗಿದ್ದುದರಿಂದ ಅದರ ಶೃಂಗಬಿಂದುಗಳನ್ನೇ ‘ಸೆಟ್ ಎಕ್ಸ್‌ವೈ’ ಮೂಲಕ ಬದಲಿಸಬೇಕಾಗುತ್ತದೆ.

ಇಡೀ ಅಕ್ಷಚೌಕಟ್ಟನ್ನು ಅಳಿಸಿ ಮತ್ತೆ ಬರೆಯುವ ರೂಢಿಯೂ ಉಂಟು. ಹಾಗೆ ಮಾಡಿದರೆ ಹಿಗ್ಗಿಸಿ ನೋಡುತ್ತಿದ್ದ ಭಾಗ ಕೈತಪ್ಪುತ್ತದೆ. ಗಾಢತೆಯ ಮಿತಿಗಳನ್ನು ನಿಗದಿಪಡಿಸದೆ ಚಿತ್ರದ ಒಂದು ತುಣುಕನ್ನಷ್ಟೇ ಮತ್ತೆ ಬರೆದರೆ, ಆ ತುಣುಕಿನ ಕನಿಷ್ಠ, ಗರಿಷ್ಠ ಬೆಲೆಗಳಿಗೆ ಅನುಗುಣವಾಗಿ ಶ್ರೇಣಿಯೂ ಬದಲಾಗುತ್ತದೆ. ಒಂದೇ ಪ್ರಮಾಣದ ಶಕ್ತಿ ಎರಡು ಚಿತ್ರಗಳಲ್ಲಿ ಎರಡು ಬಗೆಯಾಗಿ ತೋರುತ್ತದೆ. ಇದಕ್ಕೆ ಪ್ರತಿಯಾಗಿ ‘ಸೆಟ್ ಡೇಟಾ’ ಮೂಲಕ ಚಿತ್ರವನ್ನು ಬದಲಿಸಿದಾಗ ಹಿಂದಿನ ಶ್ರೇಣಿಯೇ ಉಳಿಯುತ್ತದೆ. ‘ಕತೆ’, ‘ಕತ್ತೆ’ಗಳನ್ನು ಹೋಲಿಸುವಾಗ ಎರಡಕ್ಕೂ ಹೊಂದುವ ಮಿತಿಗಳನ್ನು ಮೊದಲೇ ಗೊತ್ತುಪಡಿಸುವುದು ಯುಕ್ತ.

4. ಕಾಲದ ಅಕ್ಷ

ಪಟ್ಟಿಯ ಸ್ಥಾನವನ್ನು ಸೆಕೆಂಡುಗಳಲ್ಲಿ ಕೊಡುತ್ತೇವೆ. ಆದರೆ ‘ಇಮ್‌ಶೋ’ ಸ್ವತಃ ಎಣಿಸುವುದು ಚಿತ್ರದ ಕಂಬಸಾಲುಗಳನ್ನು. ಮೊದಲ ಸಾಲು ಅಕ್ಷದ ಮೇಲೆ –0.5ರಿಂದ 0.5ರವರೆಗೆ ವ್ಯಾಪಿಸಿರುತ್ತದೆ. ತಡೆಯು 0.31ರಿಂದ 0.42 ಸೆಕೆಂಡಿನವರೆಗೆ ಇದೆಯೆಂದು ಭಾವಿಸಿದರೆ, ಆ ಪಟ್ಟಿ ಮೊದಲ ಸಾಲಿನೊಳಗೇ ಕೂದಲೆಳೆಯಂತೆ ಅಡಗಿಬಿಡುತ್ತದೆ. ‘ಎಕ್ಸ್‌ಟೆಂಟ್’ ಮೂಲಕ ಚಿತ್ರದ ಆದಿ, ಅಂತ್ಯಗಳನ್ನು ಸೆಕೆಂಡುಗಳಲ್ಲಿ ತಿಳಿಸಿದಾಗ ಮಾತ್ರ ಎರಡೂ ಒಂದೇ ಮಾನದಲ್ಲಿ ಕೂಡುತ್ತವೆ. ಬೇರೆ ಉದ್ದದ ಧ್ವನಿಮುದ್ರಣವನ್ನು ತಂದಾಗ ಇದನ್ನೂ ಬದಲಿಸಬೇಕು. ಚಿತ್ರದ ಮೊದಲ ಅಡ್ಡಸಾಲನ್ನು ಮೇಲ್ತುದಿಯಲ್ಲಿಡುವುದು ತಂತ್ರಾಂಶದ ಸಹಜ ರೂಢಿಯಾದ್ದರಿಂದ, ಕೆಳ ಆವರ್ತನಗಳು ಕೆಳಗೆ ಬರುವಂತೆ ಮೂಲಬಿಂದುವನ್ನು ‘ಲೋವರ್’ ಎಂದು ಸೂಚಿಸಬೇಕು.

5. ಉಪಸಂಹಾರ

ಒಂದೇ ಪದರವಾದರೂ ಅದು ಚಿತ್ರವನ್ನು ಅಷ್ಟರಮಟ್ಟಿಗೆ ಮುಚ್ಚುತ್ತದೆ. ಆದ್ದರಿಂದ ಒಳಬಣ್ಣವಿಲ್ಲದ ಅಂಚುಗೆರೆಗಳನ್ನು ಮಾತ್ರ ಇಡುವುದು, ಇಲ್ಲವೇ ಬಣ್ಣವನ್ನು ಚೌಕಟ್ಟಿನ ಮೇಲ್ತುದಿಯ ಕಿರಿದಾದ ಪಟ್ಟಿಗೆ ಸೀಮಿತಗೊಳಿಸುವುದು ಮೇಲೆಂಬುದು ನಮ್ಮ ಅಭಿಪ್ರಾಯ. ಗಡಿಗಳ ಆರಂಭ, ಅಂತ್ಯ ಹಾಗೂ ಹೆಸರುಗಳು ಕೋಷ್ಟಕದಲ್ಲಿಯೋ ಪ್ರಾಟ್ ತಂತ್ರಾಂಶದ ಟೆಕ್ಸ್ಟ್‌ಗ್ರಿಡ್ ಕಡತದಲ್ಲಿಯೋ ಪ್ರತ್ಯೇಕವಾಗಿ ಇರಬೇಕು; ಮೇಲ್ಪದರವು ಆ ದಾಖಲೆಯನ್ನು ಓದಿ ಮೂಡುವ ನೆರಳಾಗಿರಬೇಕು. ಹಾಗಿದ್ದಲ್ಲಿ ಮತ್ತೊಬ್ಬ ಸಂಶೋಧಕರು ಅದೇ ದಾಖಲೆಯಿಂದ ಅದೇ ಪಟ್ಟಿಯನ್ನು ಮೂಡಿಸಿ, ನಾವು ‘ದೀರ್ಘ’ ಎಂದ ತಡೆ ನಿಜವಾಗಿ ದೀರ್ಘವೇ ಎಂಬುದನ್ನು ಮರುಪರಿಶೀಲಿಸಬಲ್ಲರು.