ಅಮೆರಿಕದ ಟಿಪ್ಸ್ ಇನಾಮಲ್ಲ

ಮಗನನ್ನೋ ಮಗಳನ್ನೋ ನೋಡಲು ಮೊದಲ ಸಲ ಅಮೆರಿಕಕ್ಕೆ ಹೋಗುವ ನಮ್ಮ ಹಿರಿಯರನ್ನು ಅಲ್ಲಿಯ ಚಳಿಗಿಂತ ಹೆಚ್ಚು ಗಲಿಬಿಲಿಗೊಳಿಸುವುದು ಹೋಟೆಲಿನ ಬಿಲ್ಲು. ನನ್ನ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಮಗಳು ಅಳಿಯನೊಡನೆ ಊಟಕ್ಕೆ ಹೋಗಿದ್ದರು. ಬಿಲ್ಲು 60 ಡಾಲರ್. ಅಳಿಯಂದಿರು ಅದರ ಕೆಳಗಿನ ಖಾಲಿ ಗೆರೆಯ ಮೇಲೆ 12 ಎಂದು ಬರೆದು ಸಹಿ ಹಾಕಿದರು. ಮೇಷ್ಟ್ರು ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿದರು, ಸಾವಿರ ದಾಟಿತು. ‘ಇದೇನು ಅಳಿಯಂದ್ರೇ, ನಮ್ಮೂರಲ್ಲಿ ಸೋಂಪಿನ ತಟ್ಟೆಗೆ ಇಪ್ಪತ್ತು ರೂಪಾಯಿ ಹಾಕಿದರೆ ಮಾಣಿ ಬಾಗಿಲತನಕ ಬರ್ತಾನೆ!’ ಎಂದರಂತೆ.

ಮೇಷ್ಟ್ರ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ನಮ್ಮಲ್ಲಿ ಭಕ್ಷೀಸು ಎಂದರೆ ಸಂಬಳದ ಮೇಲಿನದು. ಅಲ್ಲಿ ಸಂಬಳದ ದೊಡ್ಡ ಪಾಲೇ ಅದು. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಕನಿಷ್ಠ ವೇತನ ಗಂಟೆಗೆ 7.25 ಡಾಲರ್. ಟಿಪ್ಸ್ ಪಡೆಯುವ ನೌಕರರಿಗೆ ಮಾತ್ರ ಮಾಲೀಕ ತನ್ನ ಗಲ್ಲಾದಿಂದ 2.13 ಡಾಲರ್ ಕೊಟ್ಟರೆ ಸಾಕು. ಉಳಿದದ್ದು ಗಿರಾಕಿಯಿಂದ ಬರಬೇಕು. ಬಾರದಿದ್ದರೆ ಮಾಲೀಕನೇ ತುಂಬಿಕೊಡಬೇಕೆಂಬ ನಿಯಮವೇನೋ ಇದೆ. ಕೇಳಿ ಪಡೆಯುವ ಧೈರ್ಯ ಎಷ್ಟು ಮಂದಿಗಿದ್ದೀತು? ಈ 2.13 ಎಂಬ ಅಂಕಿ 1991ರಿಂದ ಅಲುಗಾಡಿಲ್ಲ. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಅದೇ ನಡೆಯುತ್ತಿದೆ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ಮೊದಲಾದ ಏಳು ರಾಜ್ಯಗಳಲ್ಲಿ ಪೂರ್ತಿ ಕನಿಷ್ಠ ವೇತನ ಕೊಡಲೇಬೇಕು. ಹಾಗೆಂದು ಅಲ್ಲಿ ಟಿಪ್ಸ್ ನಿಂತಿಲ್ಲ.

ಈ ಪದ್ಧತಿ ಅಮೆರಿಕನ್ನರ ಹುಟ್ಟುಗುಣವೇನಲ್ಲ. 1865ರಲ್ಲಿ ಅಂತರ್ಯುದ್ಧ ಮುಗಿದ ಮೇಲೆ ಯೂರೋಪ್ ಸುತ್ತಿ ಬಂದ ಶ್ರೀಮಂತರು ಈ ಚಾಳಿಯನ್ನು ಮನೆಗೆ ತಂದರು. ಅದೇ ಹೊತ್ತಿಗೆ ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರು ಕೆಲಸ ಹುಡುಕುತ್ತಿದ್ದರು. ಸಂಬಳ ಕೊಡದೆ, ಇಲ್ಲವೇ ಅಷ್ಟಿಷ್ಟು ಕೊಟ್ಟು, ‘ಉಳಿದದ್ದನ್ನು ಗಿರಾಕಿಯಿಂದ ಸಂಪಾದಿಸಿಕೋ’ ಎನ್ನುವುದು ಮಾಲೀಕರಿಗೆ ಅನುಕೂಲವಾಯಿತು. ರೈಲಿನ ಮಲಗುವ ಬೋಗಿಗಳನ್ನು ನಡೆಸುತ್ತಿದ್ದ ಪುಲ್‌ಮನ್ ಕಂಪೆನಿ ಇದಕ್ಕೆ ಹೆಸರಾದದ್ದು. ಹಾಸಿಗೆ ಹಾಸಿ, ಪೆಟ್ಟಿಗೆ ಹೊತ್ತು, ಬೂಟಿಗೆ ಪಾಲಿಶ್ ಹಾಕುತ್ತಿದ್ದ ಅದರ ಕರಿಯ ಸೇವಕರ ಜೀವನ ಪ್ರಯಾಣಿಕರು ಎಸೆದ ಚಿಲ್ಲರೆಯ ಮೇಲೆ ನಿಂತಿತ್ತು. ಅವರಿಗೆ ಸ್ವಂತ ಹೆಸರೂ ದಕ್ಕಲಿಲ್ಲ. ಕಂಪೆನಿಯ ಒಡೆಯ ಜಾರ್ಜ್ ಪುಲ್‌ಮನ್‌ನ ಹೆಸರು ಹಿಡಿದು ಎಲ್ಲರನ್ನೂ ‘ಜಾರ್ಜ್’ ಎಂದೇ ಕರೆಯುತ್ತಿದ್ದರು. 1925ರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫ್ ಮುಂದಾಳತ್ವದಲ್ಲಿ ಅವರು ಸಂಘ ಕಟ್ಟಿದರು. ಕಂಪೆನಿ ಒಪ್ಪಂದಕ್ಕೆ ಬರಲು 1937ರ ತನಕ ಹಿಡಿಯಿತು.

ಟಿಪ್ಸ್ ಪ್ರಜಾಪ್ರಭುತ್ವಕ್ಕೆ ಅವಮಾನ ಎಂದು ಕೂಗಿದವರೂ ಇದ್ದರು. ವಾಷಿಂಗ್ಟನ್ ರಾಜ್ಯ 1909ರಲ್ಲಿ ಅದನ್ನು ನಿಷೇಧಿಸಿತು, ಇನ್ನು ಕೆಲವು ರಾಜ್ಯಗಳು ಹಿಂಬಾಲಿಸಿದವು. 1926ರ ಹೊತ್ತಿಗೆ ಎಲ್ಲ ಕಾನೂನುಗಳೂ ರದ್ದಾದವು. 1966ರಲ್ಲಿ ಹೋಟೆಲ್ ನೌಕರರನ್ನು ಕೇಂದ್ರದ ಕನಿಷ್ಠ ವೇತನದ ವ್ಯಾಪ್ತಿಗೆ ತಂದಾಗ, ಟಿಪ್ಸನ್ನೂ ವೇತನದ ಲೆಕ್ಕಕ್ಕೆ ಹಿಡಿಯಬಹುದೆಂದು ಸೇರಿಸಿದರು. ಮೇಷ್ಟ್ರಿಗೆ ದುಂದು ಎನಿಸಿದ ಆ 12 ಡಾಲರ್ ಬಂದದ್ದು ಈ ದಾರಿಯಿಂದ.

ಹಾಗಾದರೆ ಎಷ್ಟು ಕೊಡಬೇಕು? ಕೂತು ಉಣ್ಣುವ ಹೋಟೆಲಿನಲ್ಲಿ ತೆರಿಗೆ ಬಿಟ್ಟು ಬಿಲ್ಲಿನ ಶೇಕಡ 15ರಿಂದ 20. ದೊಡ್ಡ ಗುಂಪಾಗಿ ಹೋದರೆ ಅನೇಕ ಕಡೆ ಅದನ್ನು ಬಿಲ್ಲಿಗೇ ಸೇರಿಸಿರುತ್ತಾರೆ. ಓದಿ ನೋಡದೆ ಎರಡೆರಡು ಸಲ ಕೊಟ್ಟವರನ್ನು ಬಲ್ಲೆ. ಕೌಂಟರಿನಲ್ಲಿ ಕಾಫಿ ಕೊಟ್ಟು ಪರದೆಯನ್ನು ನಿಮ್ಮತ್ತ ತಿರುಗಿಸಿದರೆ ಮುಜುಗರ ಬೇಡ, ಅಲ್ಲಿ ಕೊಡುವುದೂ ಬಿಡುವುದೂ ನಿಮ್ಮಿಷ್ಟ. ಅಡುಗೆ ಕೆಟ್ಟಿದ್ದರೆ ಮ್ಯಾನೇಜರನನ್ನು ಕರೆದು ಹೇಳಿ. ಟಿಪ್ಸ್ ಕತ್ತರಿಸಿದರೆ ಏಟು ಬೀಳುವುದು ಬಾಣಸಿಗನಿಗಲ್ಲ, ಬಡಿಸಿದವಳಿಗೆ. ಆಕೆ ಅದರಲ್ಲೇ ಎಂಜಲು ತಟ್ಟೆ ಎತ್ತುವ ಹುಡುಗನಿಗೂ ಪಾಲು ಕೊಡಬೇಕಾಗಿರುತ್ತದೆ.

ವಸತಿಗೃಹದ ಕೋಣೆ ಗುಡಿಸುವವರನ್ನು ಅಮೆರಿಕನ್ನರೇ ಎಷ್ಟೋ ಸಲ ಮರೆಯುತ್ತಾರೆ. ದಿನಕ್ಕೆ ಎರಡು–ಮೂರು ಡಾಲರ್ ಆದರೂ ದಿಂಬಿನ ಬಳಿ ಒಂದು ಚೀಟಿಯೊಡನೆ ಇಡಿ. ಹೊರಡುವ ದಿನ ಒಟ್ಟಿಗೆ ಇಟ್ಟರಾಯಿತು ಎನ್ನಬೇಡಿ. ಆ ದಿನ ಬರುವವಳು ಬೇರೆಯವಳಿರಬಹುದು.